ಅವಹಿತ್ಥವೂ ಮರ್ಯಾದೆಯೂ: ಮೈಲಾರದ ಗೊರವ, ಬೀಚಿಯವರ ತಿಂಮ ಮತ್ತು ಒಳಗಿನ ಇನ್ನೊಬ್ಬ

೧

ಒಬ್ಬ ಮನುಷ್ಯನ ಒಳಗೆ ಒಬ್ಬನಿಗಿಂತ ಹೆಚ್ಚು ಮಂದಿ ನೆಲೆಸಿರಬಹುದೆಂಬ ಮಾತು ಕವಿಗಳಿಗೆ ಎಂದೂ ಹೊಸದಾಗಿರಲಿಲ್ಲ; ವೈದ್ಯಶಾಸ್ತ್ರಕ್ಕೂ ಅದೀಗ ಹೊಸದಲ್ಲ. ಆದರೆ ಆ ಇನ್ನೊಬ್ಬನು ನಾಲ್ವರ ಎದುರಿಗೆ ಹೊರಬಿದ್ದಾಗ ಉಂಟಾಗುವ ಲಜ್ಜೆಯ ವಿಚಾರ ಸಾಕಷ್ಟು ನಡೆದಂತಿಲ್ಲ. ಆ ಲಜ್ಜೆಯನ್ನು ಯಾರು ಹೊರುತ್ತಾರೆ? ಹೊರಬೇಕಾದವರು ಯಾರು? ವಿಜಯನಗರ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗಗಳಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲೂಕುಗಳ ಪರಿಸರದಿಂದ ಎರಡು ನಿದರ್ಶನಗಳನ್ನು ಆಯ್ದುಕೊಂಡು ಈ ಪ್ರಶ್ನೆಯನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು, ಹಡಗಲಿ ತಾಲೂಕಿನ ಮೈಲಾರದ ಗೊರವರ ಆಚರಣೆ. ಮತ್ತೊಂದು, ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಲೇಖಕ ಬೀಚಿಯವರ 'ತಿಂಮ'. ಒಂದು ಜಾನಪದ ವಿಧಿ, ಮತ್ತೊಂದು ಮುದ್ರಿತ ಸಾಹಿತ್ಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡೀತು. ಆದರೂ ಇವೆರಡೂ ಒಂದೇ ಸಮಸ್ಯೆಗೆ ದೊರೆತ ಎರಡು ಉತ್ತರಗಳೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾದೀತೆಂದು ನಂಬಿದ್ದೇವೆ.

ಈ ವಿವೇಚನೆಗೆ ಬೇಕಾದ ಪರಿಭಾಷೆಯನ್ನು ನಮ್ಮ ಅಲಂಕಾರಶಾಸ್ತ್ರವೇ ಒದಗಿಸುತ್ತದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಉನ್ಮಾದವಿದೆ, ಅಪಸ್ಮಾರವಿದೆ, ಮೋಹವಿದೆ, ಆವೇಗವಿದೆ. ಅವುಗಳ ಜೊತೆಯಲ್ಲಿಯೇ ವ್ರೀಡೆ, ಎಂದರೆ ನಾಚಿಕೆಯೂ ಇದೆ, ಅವಹಿತ್ಥವೂ ಇದೆ. ಒಳಗೆ ಉಂಟಾದ ವಿಕಾರವನ್ನು ಹೊರಗೆ ತೋರಗೊಡದೆ ಮುಚ್ಚಿಕೊಳ್ಳುವುದೇ ಅವಹಿತ್ಥ. ಲಜ್ಜೆ, ಭಯ ಮೊದಲಾದುವು ಅದಕ್ಕೆ ಕಾರಣ. ಮಾತನ್ನು ಬೇರೆ ಕಡೆಗೆ ತಿರುಗಿಸುವುದು, ನಡುವೆಯೇ ಮಾತು ಮುರಿಯುವುದು, ಇಲ್ಲದ ಧೈರ್ಯವನ್ನು ನಟಿಸುವುದು ಅದರ ಅನುಭಾವಗಳು. ಚಿತ್ತವು ಒಡೆದು ಬೇರೆ ಬೇರೆ ಅಂಶಗಳಾಗಿ ಬಾಳುತ್ತಿರುವ ವ್ಯಕ್ತಿ ಜನರ ನಡುವೆ ದಿನದಿನವೂ ಪಡುವ ಶ್ರಮವನ್ನು ಇದಕ್ಕಿಂತ ಚಿಕ್ಕದಾದ ಪದದಲ್ಲಿ ಹೇಳುವುದು ಕಷ್ಟ. ಮದುವೆಯ ಮನೆಯಲ್ಲಿ ಇದ್ದಕ್ಕಿದ್ದಂತೆ ದನಿ ಮಗುವಿನ ದನಿಯಾಗುತ್ತದೆ. ಬಳಿಕ ಒಂದು ಗಳಿಗೆಯ ನೆನಪೇ ಇರುವುದಿಲ್ಲ. ತಾನು ಏನು ಮಾಡಿದೆನೆಂಬುದನ್ನು ಇತರರ ನಗೆಯಿಂದ ಊಹಿಸಿಕೊಳ್ಳಬೇಕಾಗುತ್ತದೆ. ನೆನಪಿಲ್ಲದ ತಪ್ಪಿಗೆ ಕ್ಷಮೆ ಬೇಡಬೇಕಾಗುತ್ತದೆ. ಇದೆಲ್ಲವನ್ನೂ ಮುಚ್ಚಿಡುವ ಭಾರ ಒಬ್ಬರ ಮೇಲೆಯೇ ಬೀಳುತ್ತದೆ. ಅವಹಿತ್ಥದ ಲಕ್ಷಣವೇ ಅದು. ಅದು ಏಕಾಂಗಿಯ ಉಪಾಯ.

ಇದಕ್ಕೆ ಪ್ರತಿಯಾದ ಮತ್ತೊಂದು ಉಪಾಯಕ್ಕೆ ನಾವು 'ಮರ್ಯಾದೆ' ಎಂದು ಹೆಸರಿಡುತ್ತೇವೆ. ಕನ್ನಡದಲ್ಲಿ ಈ ಪದಕ್ಕೆ ಗೌರವವೆಂಬ ಅರ್ಥ ರೂಢವಾಗಿದೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಎಲ್ಲೆ, ಮೇರೆ. ಈ ಎರಡು ಅರ್ಥಗಳ ನಡುವಣ ನಂಟು ಆಕಸ್ಮಿಕವಲ್ಲ. ಯಾವ ನಡತೆಗೆ ಸಮಾಜವು ಒಂದು ಎಲ್ಲೆಯನ್ನು ಕಟ್ಟಿಕೊಡುತ್ತದೆಯೋ ಅದಕ್ಕೆ ಗೌರವವೂ ದೊರೆಯುತ್ತದೆ. ಎಲ್ಲೆಯಿಲ್ಲದೆ ಬಂದುದು ಅವಮಾನವಾಗುತ್ತದೆ. ನಡತೆಯು ಎರಡೆಡೆಯಲ್ಲಿಯೂ ಒಂದೇ ಆಗಿರಬಹುದೆಂಬುದೇ ಇಲ್ಲಿಯ ವಿಶೇಷ.

೨

ಮೈಲಾರಲಿಂಗನು ಮಣಿ ಮಲ್ಲರೆಂಬ ದೈತ್ಯರನ್ನು ಕೊಂದ ಶಿವನೆಂದು ಭಕ್ತರ ನಂಬಿಕೆ. ಮಹಾರಾಷ್ಟ್ರದ ಖಂಡೋಬ, ಆಂಧ್ರ ಮತ್ತು ತೆಲಂಗಾಣಗಳ ಮಲ್ಲಣ್ಣ ಇವನ ಬಂಧುಗಳು. ಇವನ ಪರಿವಾರದಲ್ಲಿ ನಾಯಿಗೆ ದೊಡ್ಡ ಸ್ಥಾನ. ದೀಕ್ಷೆ ಪಡೆದ ಗೊರವರು ಕರಿಯ ಕಂಬಳಿ ಹೊದ್ದು, ಡಮರುಗ ನುಡಿಸುತ್ತ, ಹಣೆಗೆ ಭಂಡಾರ ಬಳಿದುಕೊಂಡು ಸಂಚರಿಸುತ್ತಾರೆ. ಹರಕೆ ಹೊತ್ತ ಭಕ್ತರು ಅವರ ಮರದ ದೋಣಿಗೆ ಹಾಲು, ಬಾಳೆಹಣ್ಣು ಮೊದಲಾದುವನ್ನು ತುಂಬಿದಾಗ ಗೊರವರು ನಾಯಿಗಳಾಗುತ್ತಾರೆ. ಬೊಗಳುತ್ತಾರೆ, ಮಂಡಿಯೂರಿ ಹರಿದಾಡುತ್ತಾರೆ, ಒಬ್ಬರನ್ನೊಬ್ಬರು ಗುರುಗುಟ್ಟಿ ಕೆಣಕುತ್ತಾರೆ, ಕೈಮುಟ್ಟದೆ ಬಾಯಿಂದಲೇ ತಿನ್ನುತ್ತಾರೆ. ದೋಣಿ ತುಂಬಿಸಿದ ಮನೆಯವರಿಗೆ ಅದು ಪುಣ್ಯ. ತಿಂದವನಿಗೆ ಅದು ಸೇವೆ.

ಕನ್ನಡದಲ್ಲಿ 'ನಾಯಿ' ಎಂಬುದು ಬೈಗುಳ. ಉಂಡ ಎಲೆಗೆ ಬಾಯಿಹಾಕಿದವನೆಂದರೆ ಅದಕ್ಕಿಂತ ಹೀನಾಯವಿಲ್ಲ. ಅದೇ ಕ್ರಿಯೆಯನ್ನು ಅದೇ ಊರಿನ ಒಬ್ಬ ಗೃಹಸ್ಥನು ಕೊಟ್ಟೂರಿನ ಸಂತೆಯಲ್ಲಿಯೋ ಕೂಡ್ಲಿಗಿಯ ಬಸ್ಸಿನ ನಿಲ್ದಾಣದಲ್ಲಿಯೋ ಮಾಡಿದನೆಂದರೆ ಮನೆಯವರು ತಲೆತಗ್ಗಿಸುತ್ತಾರೆ, ಮಕ್ಕಳು ಕಲ್ಲೆಸೆಯುತ್ತಾರೆ. ಗೊರವನ ಪಾದಕ್ಕಾದರೋ ಅದೇ ಮಂದಿ ಕೈಮುಗಿಯುತ್ತಾರೆ. ಈ ವ್ಯತ್ಯಾಸವನ್ನು ಭಕ್ತಿಯೆಂಬ ಒಂದೇ ಮಾತಿನಿಂದ ವಿವರಿಸುವುದು ಸುಲಭ; ಆದರೆ ಅದು ಸಾಲದು. ಭಕ್ತಿ ಇಲ್ಲಿ ಯಾವ ಯಾವ ಸಾಧನಗಳಿಂದ ಕೆಲಸಮಾಡುತ್ತದೆಯೆಂಬುದನ್ನು ನೋಡಬೇಕು. ವೇಷವೊಂದು ಸಾಧನ: ಕಂಬಳಿ ಮತ್ತು ಡಮರುಗ ಬರುವವನಾರೆಂಬುದನ್ನು ಮುಂಚಿತವಾಗಿ ಸಾರುತ್ತವೆ. ದೋಣಿಯೊಂದು ಸಾಧನ: ನಾಯಿ ಎಲ್ಲೆಂದರಲ್ಲಿ ಬರುವುದಿಲ್ಲ, ದೋಣಿಯ ಸುತ್ತಲೇ ಬರುತ್ತದೆ, ದೋಣಿ ಬರಿದಾದರೆ ಹೋಗುತ್ತದೆ. ಸಂಗಾತಿಗಳು ಮೂರನೆಯ ಸಾಧನ: ಈ ಆಟದಲ್ಲಿ ನಾಯಿ ಒಂಟಿಯಾಗಿರುವುದು ವಿರಳ, ಬೊಗಳಿಗೆ ಮರುಬೊಗಳು ಸಿದ್ಧವಾಗಿರುತ್ತದೆ. ಇವು ಮೂರೂ ಸೇರಿ ಎಲ್ಲೆಯಾಗಿವೆ.

ಗೊರವನು ನಿಜವಾಗಿ ಆವಿಷ್ಟನೋ ಇಲ್ಲವೇ ನಟಿಸುತ್ತಾನೋ ಎಂಬ ಚರ್ಚೆ ಹಳೆಯದು. ಜರ್ಮನಿಯ ವಿದ್ವಾಂಸ ಗುಂಥರ್ ಸೋಂಥೈಮರ್ ೧೯೮೯ರಲ್ಲಿ ಪ್ರಕಟವಾದ ತಮ್ಮ ಪ್ರಬಂಧವೊಂದರ ಶೀರ್ಷಿಕೆಯಲ್ಲಿಯೇ ಈ ದೈವವನ್ನು ಭೂತ ಮತ್ತು ದೇವರ ನಡುವೆ ನಿಲ್ಲಿಸಿದರು. ದೈವಕ್ಕೆ ಸಲ್ಲುವ ಈ ನಡುವಣ ನೆಲೆ ಭಕ್ತನಿಗೂ ಸಲ್ಲುತ್ತದೆ. ಅವನು ನಾಯಿಯೂ ಹೌದು, ನಾಯಿಯಾದ ಮನುಷ್ಯನೂ ಹೌದು. ಎರಡರಲ್ಲಿ ಒಂದನ್ನು ಆರಿಸಿ ಪ್ರಮಾಣಮಾಡೆಂದು ಯಾರೂ ಅವನನ್ನು ಪೀಡಿಸುವುದಿಲ್ಲ. ಈ ಪೀಡೆಯಿಲ್ಲದಿರುವುದೇ ಮರ್ಯಾದೆಯ ದೊಡ್ಡ ಭಾಗವೆಂದು ನಮ್ಮ ಅಭಿಪ್ರಾಯ.

೩

ನಾಯಿಯ ಆಟದಲ್ಲಿ ಮಾತಿಲ್ಲ. ಮಾತಿನ ಆವೇಶವನ್ನು ಕಾರಣಿಕದಲ್ಲಿ ಕಾಣಬೇಕು. ಭರತಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ, ಮೈಲಾರದ ಡೆಂಕನಮರಡಿಯಲ್ಲಿ, ದಿನಗಟ್ಟಲೆ ಉಪವಾಸದಿಂದಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರುತ್ತಾನೆ. 'ಸದ್ದಲೇ' ಎಂದು ಕೂಗುತ್ತಾನೆ. ಲಕ್ಷಾಂತರ ಜನರ ಗದ್ದಲ ಒಮ್ಮೆಗೇ ಅಡಗುತ್ತದೆ. ಒಂದು ಚಿಕ್ಕ ವಾಕ್ಯವನ್ನು ನುಡಿಯುತ್ತಾನೆ. ನುಡಿದೊಡನೆ ಮೇಲಿನಿಂದ ಬೀಳುತ್ತಾನೆ. ಕೆಳಗೆ ನೆರೆದವರು ಅವನನ್ನು ಹಿಡಿದುಕೊಳ್ಳುತ್ತಾರೆ. ಆ ವಾಕ್ಯವನ್ನು ಮಳೆ, ಬೆಳೆ, ರಾಜಕಾರಣಗಳ ಭವಿಷ್ಯವೆಂದು ಕೇಳಿದವರು ವ್ಯಾಖ್ಯಾನಿಸುತ್ತಾರೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿಯೂ ಮಹಾನವಮಿಯ ಕಾಲದಲ್ಲಿ ಇಂಥದೇ ಕಾರಣಿಕ ನಡೆಯುತ್ತದೆ.

ಕಾರಣಿಕದ ಬಗೆಗೆ ಬರೆಯುವವರ ಗಮನವೆಲ್ಲ ಸಾಮಾನ್ಯವಾಗಿ ಆ ಒಂದು ವಾಕ್ಯದ ಮೇಲೆ ನಿಲ್ಲುತ್ತದೆ. ಅದರ ಅರ್ಥವೇನು, ಅದು ನಿಜವಾಯಿತೇ ಎಂಬುದೇ ವೃತ್ತಪತ್ರಿಕೆಗಳ ಪ್ರತಿವರ್ಷದ ಚರ್ಚೆ. ವಿಚಾರವಾದಿಯು ಅದು ಸುಳ್ಳೆಂದು ತೋರಿಸಲು ಹೊರಡುತ್ತಾನೆ. ಭಕ್ತನು ನಿಜವೆಂದು ಸಾಧಿಸುತ್ತಾನೆ. ಈ ಇಬ್ಬರೂ ವಾಕ್ಯವನ್ನು ಮಾತ್ರ ಕೇಳಿದ್ದಾರೆ, ಬೀಳುವವನನ್ನು ನೋಡಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ವಾಕ್ಯವಲ್ಲ, ಅದರ ಸುತ್ತಣ ವ್ಯವಸ್ಥೆ. ಅದರಲ್ಲಿ ಐದು ಅಂಶಗಳನ್ನು ಗುರುತಿಸಬಹುದು. ಮೊದಲನೆಯದು ಸಿದ್ಧತೆ: ಇನ್ನೊಬ್ಬನು ಬರುವನೆಂಬುದು ಎಲ್ಲರಿಗೂ ತಿಳಿದಿದೆ. ಎರಡನೆಯದು ಸಂಕೇತ: ಬರುವ ಮುನ್ನ ಒಂದು ಕೂಗು. ಮೂರನೆಯದು ಹ್ರಸ್ವತೆ: ಅವನಿಗೆ ಒಂದು ವಾಕ್ಯದ ಕಾಲಾವಕಾಶ ಮಾತ್ರ. ನಾಲ್ಕನೆಯದು ಆಧಾರ: ಬೀಳುವವನನ್ನು ಹಿಡಿಯುವ ಕೈಗಳು ಅವನು ಏರುವುದಕ್ಕೆ ಮೊದಲೇ ಸಿದ್ಧವಾಗಿವೆ. ಐದನೆಯದು ಅನುಯೋಗದಿಂದ ಬಿಡುಗಡೆ: 'ನೀನು ಹೀಗೇಕೆ ನುಡಿದೆ' ಎಂದು ಗೊರವಯ್ಯನನ್ನು ನಿಲ್ಲಿಸಿ ಕೇಳುವ ರೂಢಿಯಿಲ್ಲ, ಅರ್ಥಹಚ್ಚುವ ಹೊಣೆ ಕೇಳಿದವರದು.

ಈ ಐದರಲ್ಲಿ ನಾಲ್ಕನೆಯದೂ ಐದನೆಯದೂ ವಿಶೇಷವಾಗಿ ಮನನೀಯ. ಆವೇಶದ ಗಳಿಗೆಗಿಂತ ಅದು ಇಳಿದ ಗಳಿಗೆ ಮನುಷ್ಯನಿಗೆ ಹೆಚ್ಚು ಅಪಾಯಕರ. ಎತ್ತರದಿಂದ ಬಿದ್ದ ದೇಹಕ್ಕೆ ಹೇಗೋ, ಒಡೆದ ಚಿತ್ತಕ್ಕೂ ಹಾಗೆಯೇ. ಮರಳಿ ಬಂದವನಿಗೆ ಮೊದಲು ಕಾಣುವುದು ಇತರರ ಮುಖ. ಆ ಮುಖದಲ್ಲಿ ಹಾಸ್ಯವಿದೆಯೋ, ಭಯವಿದೆಯೋ, ಸ್ವಾಗತವಿದೆಯೋ ಎಂಬುದರ ಮೇಲೆ ಮುಂದಿನದೆಲ್ಲವೂ ನಿಂತಿದೆ.

೪

ಜಾತ್ರೆಯ ಆಶ್ರಯವಿಲ್ಲದ ಆಧುನಿಕ ಲೇಖಕನು ತನ್ನೊಳಗಿನ ಇನ್ನೊಬ್ಬನನ್ನು ಸಭೆಗೆ ಹೇಗೆ ಕರೆತಂದಾನು? ಹರಪನಹಳ್ಳಿಯವರಾದ ಬೀಚಿಯವರು (೧೯೧೩–೧೯೮೦) ಇದಕ್ಕೆ ಸಾಹಿತ್ಯದ ಉತ್ತರವನ್ನು ಕಂಡುಕೊಂಡರು. ಅವರ ನಿಜನಾಮ ರಾಯಸಂ ಭೀಮಸೇನರಾವ್. ವೃತ್ತಿಯಿಂದ ಪೋಲೀಸ್ ಇಲಾಖೆಯ ನೌಕರರು. ಕಚೇರಿಯ ಭೀಮಸೇನರಾಯರು ಆಡಲಾಗದ ಮಾತನ್ನು ಬೀಚಿ ಆಡಿದರು; ಬೀಚಿಯೂ ಸ್ವಂತ ಮುಖದಿಂದ ಆಡಲೊಲ್ಲದುದನ್ನು ತಿಂಮನು ಆಡಿದನು. ಹೀಗೆ ಒಬ್ಬ ಮನುಷ್ಯನಲ್ಲಿ ಮೂರು ಹೆಸರು, ಮೂರು ಬಗೆಯ ಸಂಕೋಚ. ಬೀಚಿಯವರು ರೋಗಿಯಾಗಿದ್ದರೆಂಬುದು ಇದರ ತಾತ್ಪರ್ಯವಲ್ಲ. ಅಂಥ ಊಹೆ ಅವಿವೇಕ. ಆರೋಗ್ಯವಂತನೂ ತನ್ನೊಳಗಿನ ಅನುಚಿತಭಾಷಿಯೊಡನೆ ಒಪ್ಪಂದಮಾಡಿಕೊಳ್ಳಬೇಕಾಗುತ್ತದೆ, ಆ ಒಪ್ಪಂದದ ಸ್ವರೂಪವು ಇಲ್ಲಿ ಬರವಣಿಗೆಯಲ್ಲಿ ಕಾಣಸಿಗುತ್ತದೆ ಎಂಬುದಷ್ಟೇ ನಮ್ಮ ಮಾತು.

ತಿಂಮನು ಸಭ್ಯರ ನಡುವೆ ಹೇಳಬಾರದುದನ್ನು ಹೇಳುವವನು. ಅವನ ಮಾತಿನಿಂದ ಗಂಡಹೆಂಡಿರ ಗುಟ್ಟು, ಮಡಿವಂತಿಕೆಯ ಟೊಳ್ಳು, ಅಧಿಕಾರದ ಡಂಭ ಬಯಲಾಗುತ್ತವೆ. ಅವನು ದಡ್ಡನೋ ಜಾಣನೋ ಎಂಬುದು ತೀರ್ಮಾನವಾಗುವುದಿಲ್ಲ; ಗೊರವನ ವಿಷಯದಲ್ಲಿ ಕಂಡ ಅದೇ ಅನಿಶ್ಚಯ ಇಲ್ಲಿಯೂ ರಕ್ಷಣೆಯಾಗಿದೆ. 'ಅಂದನಾ ತಿಂಮ' ಎಂಬ ಕೃತಿಯ ಹೆಸರನ್ನೇ ಪರಿಶೀಲಿಸೋಣ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗವು (೧೯೪೩) ಇದಕ್ಕೆ ಮುಂಚಿನದು. ಅಲ್ಲಿ ಮಂಕುತಿಮ್ಮನು ಸಂಬೋಧನೆ. ಕವಿ ಅವನನ್ನು ಕರೆದು ಬುದ್ಧಿಹೇಳುತ್ತಾನೆ, ಅವನು ಕೇಳುತ್ತಾನೆ. ಬೀಚಿಯವರ ತಿಂಮನು ಕರ್ತೃಪದ. 'ಅಂದನು' ಎಂಬ ಕ್ರಿಯೆ ಅವನದು. ಒಳಗಿನ ಮಂಕನನ್ನು ಕೂರಿಸಿ ತಿದ್ದುವುದು ಒಂದು ಬಗೆ; ಅವನಿಗೇ ಮಾತು ಕೊಟ್ಟು ತಾನು ವರದಿಗಾರನಾಗಿ ನಿಲ್ಲುವುದು ಇನ್ನೊಂದು ಬಗೆ. ವ್ಯಾಕರಣದ ಈ ಸಣ್ಣ ಪಲ್ಲಟದಲ್ಲಿ ಎರಡು ಮನೋಧರ್ಮಗಳ ಅಂತರವಿದೆ. 'ಅಂದನು' ಎಂಬ ಕ್ರಿಯಾಪದವೇ ಬೀಚಿಯವರ ದೋಣಿ. ಅದರ ಸುತ್ತ ಮಾತ್ರ ತಿಂಮನ ಸಂಚಾರ.

ಆದರೆ ವಿಮರ್ಶಕನು ಇಷ್ಟಕ್ಕೇ ನಿಲ್ಲಲಾಗದು. ತಿಂಮನ ಹೆಸರಿನಲ್ಲಿ ಪುಸ್ತಕದ ಮೇಲೆ ಪುಸ್ತಕ ಬಂದಂತೆ ಎಲ್ಲೆ ಬಲಿಯಿತು, ಅದರೊಳಗಣ ಜೀವ ಬಡವಾಯಿತು. ತಿಂಮ ಬಂದನೆಂದರೆ ನಗಬೇಕೆಂಬುದು ಓದುಗರಿಗೆ ಅಭ್ಯಾಸವಾದ ಮೇಲೆ ಅವನು ಏನು ಹೇಳಿದರೂ ನಗೆಯೇ. ಚುಚ್ಚಬೇಕಾದ ಮಾತೂ ಚಟಾಕಿಯಾಗಿ ಹಾರಿಹೋಗುತ್ತದೆ. ಇದು ಮರ್ಯಾದೆಯೆಂಬ ಉಪಾಯಕ್ಕೆ ಅಂಟಿದ ದೋಷ. ಎಲ್ಲೆ ಇಲ್ಲದಿದ್ದರೆ ಅವಮಾನ, ಎಲ್ಲೆ ಅತಿಯಾದರೆ ನಿರ್ಲಕ್ಷ್ಯ. ಮನೆಯಲ್ಲಿ 'ಅವಳದು ಇದ್ದದ್ದೇ' ಎಂದು ನಕ್ಕು ಸುಮ್ಮನಾಗುವ ಬಂಧುಗಳು ಮಾಡುವುದೂ ಇದನ್ನೇ; ಅವರು ಗದರಿಸುವುದಿಲ್ಲ, ಆದರೆ ಕೇಳುವುದೂ ಇಲ್ಲ. ಬೀಚಿಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟುದು ಈ ದೃಷ್ಟಿಯಿಂದ ಅರ್ಥವತ್ತಾಗಿದೆ. ಶ್ಲೇಷೆಯ ನಗೆಯೊಳಗೆ 'ಭಯ'ವೆಂಬ ಪದವನ್ನು ಅವರು ಬಚ್ಚಿಡಲಿಲ್ಲ, ಮೊದಲಿಗೇ ಇಟ್ಟರು.

೫

ವೈದ್ಯಶಾಸ್ತ್ರದ ಕಡೆಗೆ ತಿರುಗಿದರೆ ಇದೇ ಎಲ್ಲೆಯ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ. ಫ್ರಾನ್ಸಿನ ಪಿಯೇರ್ ಜಾನೆ ೧೮೮೯ರ ತನ್ನ ಗ್ರಂಥದಲ್ಲಿ ಚಿತ್ತದ ಅಂಶಗಳು ಒಂದರಿಂದೊಂದು ಕಳಚಿಕೊಂಡು ಸ್ವತಂತ್ರವಾಗಿ ವರ್ತಿಸುವುದನ್ನು ವಿವರಿಸಿದನು. ಸಹಿಸಲಾಗದ ಆಘಾತ, ಅದರಲ್ಲಿಯೂ ಬಾಲ್ಯದ ಆಘಾತ, ಇಂಥ ವಿಘಟನೆಗೆ ಹಲವೊಮ್ಮೆ ಹಿನ್ನೆಲೆಯಾಗಿರುವುದನ್ನು ನಂತರದ ವೈದ್ಯರು ಎತ್ತಿ ತೋರಿಸಿದರು. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವು ವ್ಯಕ್ತಿತ್ವವಿಘಟನೆ ಮತ್ತು ಆವೇಶ ಎರಡನ್ನೂ ಹೆಸರಿಸುತ್ತದೆ. ಆದರೆ ಒಂದು ಸಮುದಾಯವು ತನ್ನ ಸಂಸ್ಕೃತಿಯ ಅಥವಾ ಧರ್ಮದ ಸಹಜ ಭಾಗವೆಂದು ಒಪ್ಪಿದ ಆವೇಶವನ್ನು ರೋಗವೆಂದು ಎಣಿಸಬಾರದೆನ್ನುತ್ತದೆ. ತಾನಾಗಿ ಬಯಸದೆ ಬರುವುದು, ಸಂಕಟವನ್ನುಂಟುಮಾಡುವುದು, ಬಾಳನ್ನು ಕೆಡಿಸುವುದು ಇವೇ ರೋಗದ ಗುರುತು. ಎಂದರೆ ಶಾಸ್ತ್ರವೂ ಒಳಗಿನ ಇನ್ನೊಬ್ಬನ ಅಸ್ತಿತ್ವವನ್ನಷ್ಟೇ ಅಳೆಯದೆ, ಅವನ ಸುತ್ತ ಮರ್ಯಾದೆಯಿದೆಯೇ ಎಂಬುದನ್ನೂ ಅಳೆಯುತ್ತದೆ.

ಈ ಪ್ರದೇಶಕ್ಕೆ ಮಾನಸಿಕ ವೈದ್ಯದ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದ ಮಧ್ಯಭಾಗದಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು; ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗಿಗಳಿಗೆ ಊರಿನ ಹತ್ತಿರವೇ ಚಿಕಿತ್ಸೆ ದೊರೆಯುವಂತೆ ಮಾಡುವುದು ಅದರ ಗುರಿ. ನಮ್ಮ ಐದು ಪಟ್ಟಣಗಳೂ ಆಗ ಆ ಜಿಲ್ಲೆಗೇ ಸೇರಿದ್ದುವು. 'ಬಳ್ಳಾರಿ ಮಾದರಿ' ಎಂದು ಪ್ರಸಿದ್ಧವಾದ ಇದರ ಆಧಾರದ ಮೇಲೆಯೇ ೧೯೯೬ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ತೀವ್ರ ಮನೋವಿಕಾರ, ಅಪಸ್ಮಾರ ಮೊದಲಾದುವು ಅದರ ಆದ್ಯತೆ, ಅದು ಯುಕ್ತವೇ. ಅದೇ ಸಂಸ್ಥೆಯ ಡಾ. ಸಿ. ಆರ್. ಚಂದ್ರಶೇಖರ್ ಅವರು ೧೯೮೯ರ ಒಂದು ಲೇಖನದಲ್ಲಿ ಭಾರತದಲ್ಲಿಯ ಆವೇಶಲಕ್ಷಣಗಳನ್ನು ವಿವೇಚಿಸಿದ್ದಲ್ಲದೆ, ಮನೋರೋಗಗಳ ವಿಷಯವಾಗಿ ಸಾಮಾನ್ಯ ವಾಚಕರಿಗಾಗಿ ಕನ್ನಡದಲ್ಲಿ ಹೇರಳವಾಗಿ ಬರೆದರು. ಇಂದಿನ ಚಿಕಿತ್ಸಕರು ಒಳಗಿನ ಅಂಶಗಳನ್ನು ಉಚ್ಚಾಟಿಸಲು ಹೊರಡುವುದಿಲ್ಲ. ಮೊದಲು ಸುರಕ್ಷಿತತೆ, ಆಮೇಲೆ ಅಂಶಗಳ ನಡುವೆ ಪರಸ್ಪರ ಪರಿಚಯ, ಸಾಧ್ಯವಾದಷ್ಟು ಸಹಕಾರ ಎಂಬ ಕ್ರಮವನ್ನು ಅನುಸರಿಸುತ್ತಾರೆ.

೬

ಇಷ್ಟನ್ನು ಓದಿದವರು ಹಾಗಾದರೆ ಜಾತ್ರೆಯೇ ಚಿಕಿತ್ಸೆಯೆಂದು ತೀರ್ಮಾನಿಸಬಾರದು. ಜನಪದ ಪ್ರೇಮಿಗಳ ಬರಹಗಳಲ್ಲಿ ಇಂಥ ಉತ್ಸಾಹ ಆಗಾಗ ಕಾಣಿಸುತ್ತದೆ. ಮೈಲಾರದ ಮರ್ಯಾದೆ ಎಲ್ಲರಿಗೂ ಸಮಾನವಾಗಿ ಸಿಕ್ಕಿದ್ದಲ್ಲ. ಬಿಲ್ಲನ್ನೇರುವ ಗೊರವಯ್ಯನು ಗಂಡಸು. ಅವನ ಆವೇಶಕ್ಕೆ ತಿಥಿಯಿದೆ, ಸ್ಥಳವಿದೆ, ಕೈಹಿಡಿಯುವವರಿದ್ದಾರೆ. ಮನೆಯ ಮೂಲೆಯಲ್ಲಿ ಆವಿಷ್ಟಳಾದ ಸೊಸೆಗೆ ಇವಾವುದೂ ಇಲ್ಲ. ಅವಳ ಪಾಲಿಗೆ ಬೇವಿನ ಸೊಪ್ಪಿನ ಏಟು, ಹೊಗೆ, ಬೈಗುಳ. ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ಬಹುಕಾಲ ಬೇರೂರಿತ್ತು. ಬಾಲಕಿಯ ತಲೆಯಲ್ಲಿ ಜಡೆಗಟ್ಟಿದರೆ ಅದನ್ನೇ ದೇವಿಯ ಕರೆಯೆಂದು ಅರ್ಥಹಚ್ಚುವುದಿತ್ತು. ಅಲ್ಲಿ ಎಲ್ಲೆ ಕಟ್ಟಿದವರು ಬೇರೆ, ಅದರೊಳಗೆ ಸಿಕ್ಕಿದವಳು ಬೇರೆ. ಕರ್ನಾಟಕದ ದೇವದಾಸಿ ಸಮರ್ಪಣ ನಿಷೇಧದ ೧೯೮೨ರ ಶಾಸನವೂ, ಅಮಾನವೀಯ ದುಷ್ಟಪದ್ಧತಿ ಮತ್ತು ವಾಮಾಚಾರಗಳ ವಿರುದ್ಧದ ೨೦೧೭ರ ಶಾಸನವೂ ಹುಟ್ಟಿದುದು ಇಂಥ ಅನ್ಯಾಯಗಳ ಕಾರಣದಿಂದ. ಹನ್ನೆರಡನೆಯ ಶತಮಾನದಲ್ಲಿಯೇ ಬ್ರಹ್ಮಶಿವನು ಸಮಯಪರೀಕ್ಷೆಯಲ್ಲಿ ಜನಪ್ರಿಯ ದೈವಗಳ ಆರಾಧನೆಯನ್ನು ಖಂಡಿಸಿದನು, ವಚನಕಾರರೂ ಕ್ಷುದ್ರದೈವಗಳನ್ನು ನಿರಾಕರಿಸಿದರು. ಅವರ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ದೈವವನ್ನು ತೆಗೆದುಹಾಕಿದ ಮೇಲೆ ಬೀಳುವವನನ್ನು ಹಿಡಿಯುವವರಾರೆಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರಕೊಡುವುದು ವಿಚಾರವಂತರ ಹೊಣೆ.

ರೋಗಕ್ಕೆ ಪಂಚಾಂಗವಿಲ್ಲ. ಅದು ಭರತಹುಣ್ಣಿಮೆಯನ್ನು ಕಾಯುವುದಿಲ್ಲ. ನೆಂಟರ ಮನೆಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಬರುತ್ತದೆ. ಆದುದರಿಂದ ಗೊರವರ ವಿಧಿಯನ್ನು ಅನುಕರಿಸಬೇಕಾಗಿಲ್ಲ. ಅದರಲ್ಲಿ ಅಡಗಿದ ವಿವೇಕವನ್ನು ಮನೆಯ ಅಳತೆಗೆ ಇಳಿಸಿಕೊಳ್ಳಬಹುದು. ಊರಿಗೆಲ್ಲ ಹೇಳಬೇಕಾಗಿಲ್ಲ, ನಂಬಿಕೆಗೆ ತಕ್ಕ ಒಬ್ಬಿಬ್ಬರಿಗೆ ವಿಷಯ ತಿಳಿದಿದ್ದರೆ ಸಿದ್ಧತೆಯಾಯಿತು. ಒಳಗೆ ಅಲುಗಾಟ ಕಂಡಾಗ ಆಡಬೇಕಾದ ಒಂದು ಒಪ್ಪಂದದ ಮಾತಿದ್ದರೆ ಸಂಕೇತವಾಯಿತು. ಸಭೆಯಿಂದ ಎದ್ದುಹೋಗಲು ಒಂದು ಕೋಣೆ, ಕಾಲಿಗೆ ತಣ್ಣನೆಯ ನೆಲ, ಪಕ್ಕದಲ್ಲಿ ಹೆಸರುಹಿಡಿದು ಕರೆಯುವ ಒಬ್ಬರು ಇದ್ದರೆ ಆಧಾರವಾಯಿತು. ಮರಳಿ ಬಂದ ಮೇಲೆ ನಡೆದುದನ್ನು ಕೇಳಿದರೆ ಮಾತ್ರ, ನಗದೆ, ಸೇರಿಸದೆ, ಇದ್ದಹಾಗೆ ಹೇಳುವುದು, ಕಾರಣ ಹೇಳೆಂದು ಕಾಡದಿರುವುದು ಕೊನೆಯ ಅಂಶ. ಹೊರಗಿನವರು ನಕ್ಕರೆ 'ಅವರಿಗೆ ಒಮ್ಮೊಮ್ಮೆ ಹೀಗಾಗುತ್ತದೆ, ಈಗ ಸರಿಹೋಯಿತು' ಎಂದು ಜೊತೆಯವರು ಆಡುವ ಒಂದು ಮಾತು ಸಾಕು. ಆ ಒಂದು ಮಾತಿನಿಂದ ಅವಹಿತ್ಥದ ಭಾರ ಇಬ್ಬರ ಹೆಗಲಿಗೆ ಹಂಚಿಹೋಗುತ್ತದೆ. ಇದು ವೈದ್ಯನ ಸಹಾಯಕ್ಕೆ ಬದಲಲ್ಲ; ಆ ಸಹಾಯ ಫಲಿಸುವುದಕ್ಕೆ ಬೇಕಾದ ನೆಲ.

ಈ ವಿಷಯದಲ್ಲಿ ಮುಂದಿನ ಸಂಶೋಧಕರು ಮಾಡಬೇಕಾದ ಕೆಲಸ ಬಹಳವಿದೆ. ಕಾರಣಿಕದ ವಾಕ್ಯಗಳನ್ನು ಸಂಗ್ರಹಿಸುವ ಶ್ರದ್ಧೆಯನ್ನೇ ಬಿಲ್ಲಿನ ಕೆಳಗೆ ನಿಲ್ಲುವವರ ಮಾತುಗಳನ್ನು ಸಂಗ್ರಹಿಸುವುದಕ್ಕೂ ವಿನಿಯೋಗಿಸಬೇಕು. ಯಾವಾಗ ಕೈಚಾಚಬೇಕೆಂಬುದು ಅವರಿಗೆ ಹೇಗೆ ತಿಳಿಯುತ್ತದೆ, ಹಿಡಿದ ಮೇಲೆ ಮೊದಲು ಏನು ಮಾತನಾಡಿಸುತ್ತಾರೆ, ಆ ಮಾತು ತಂದೆಯಿಂದ ಮಗನಿಗೆ ಹೇಗೆ ಬಂದಿತು ಎಂಬುದನ್ನು ಬರೆದಿಡಬೇಕು. ಒಳಗಿನ ಇನ್ನೊಬ್ಬನೊಡನೆ ಜನರ ನಡುವೆ ಬಾಳಬೇಕಾದವರಿಗೂ ಅವರ ಮನೆಯವರಿಗೂ ಭವಿಷ್ಯವಾಣಿಗಿಂತ ಆ ಮಾತುಗಳಿಂದ ಹೆಚ್ಚು ಪ್ರಯೋಜನವಾದೀತು.